ಒಂದೇ ಕೋಳಿಯ ಕಾವು, ಆದರೂ ಬಾತಿನ ಮರಿಗೆ ಮಾತ್ರ ಕಾಲಲ್ಲಿ ಪೊರೆ. ಯಾಕೆ?

ಹೇಮಾವತಿ ದಡ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ಬಾತಿನ ಮೊಟ್ಟೆಯನ್ನು ನಾಟಿ ಕೋಳಿಯ ಕಾವಿಗೆ ಇಡುವುದು ನಮ್ಮ ಕಡೆ ಮಾಮೂಲು. ಕೋಳಿ ಮೊಟ್ಟೆಗೆ 21 ದಿನ, ಬಾತಿನದಕ್ಕೆ 28 ದಿನ. ಬಾತಿನ ಮೊಟ್ಟೆ ಒಂದು ವಾರ ಮೊದಲೇ ಇಟ್ಟು, ಆಮೇಲೆ ಕೋಳಿ ಮೊಟ್ಟೆ ಸೇರಿಸಿದರೆ ಎರಡೂ ಒಟ್ಟಿಗೆ ಮರಿಯಾಗುತ್ತವೆ. ಬುಟ್ಟಿ ಒಂದೇ, ಕಾವು ಒಂದೇ. ಹೊರಗೆ ಬಂದಾಗ ಒಂದರ ಕಾಲಲ್ಲಿ ಬೆರಳುಗಳ ನಡುವೆ ಪೊರೆ, ಇನ್ನೊಂದಕ್ಕೆ ಬಿಡಿ ಬಿಡಿ ಬೆರಳು.

ಮಗಳು ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಅವಳು ಕೇಳಿದ್ದು ಇದು: ಬಾತಿಗೆ ಪೊರೆ ಹೊಸದಾಗಿ ಬೆಳೆಯುತ್ತಾ, ಇಲ್ಲ ಕೋಳಿಗೂ ಮೊದಲು ಇದ್ದು ಆಮೇಲೆ ಹೋಗುತ್ತಾ? ಅದು ಅದರ ಜಾತಿ ಗುಣ ಅಂತ ಹೇಳಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಹುಡುಕಿದಾಗ ಬಿಎಂಪಿ, ಗ್ರೆಮ್ಲಿನ್, ನೊಗ್ಗಿನ್ ಎಂಬ ಪ್ರೋಟೀನುಗಳ ಹೆಸರು ಸಿಕ್ಕವು. ಬಿಎಂಪಿ ಗ್ರೋತ್ ಫ್ಯಾಕ್ಟರ್ ಅಂತೆ, ಉಳಿದ ಎರಡು ಅದನ್ನು ತಡೆಯುವವು. ಬೆಳೆಯಬೇಕಾದ ಮರಿಯೊಳಗೆ ಬೆಳವಣಿಗೆಯ ಸಂಕೇತವನ್ನೇ ತಡೆಯುವ ಪ್ರೋಟೀನು ಯಾಕೆ ಬೇಕು? ಗೊತ್ತಿರುವವರು ಬಿಡಿಸಿ ಹೇಳಿ. ಉದ್ದ ಆದರೂ ಪರವಾಗಿಲ್ಲ. ಅಪ್ಪ ಮಗಳು ಇಬ್ಬರೂ ಕೂತು ಓದುತ್ತೇವೆ.

ಮೇಷ್ಟ್ರು, ಹಾಸನ

ಪ್ರಾಣಿಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು ನಾನು. ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಎರಡನೆಯದು.

ಕೋಳಿ ಭ್ರೂಣದ ಕಾಲಲ್ಲೂ ಮೊದಲು ಬೆರಳುಗಳ ನಡುವೆ ಅಂಗಾಂಶ ತುಂಬಿರುತ್ತದೆ. ಕಾವಿಗಿಟ್ಟು ಏಳೆಂಟು ದಿನ ಆಗುವ ಹೊತ್ತಿಗೆ ಆ ನಡುವಿನ ಜೀವಕೋಶಗಳು ಸಾಯುತ್ತವೆ. ಗಾಯವಾಗಿ ಸಾಯುವುದಲ್ಲ. ಒಳಗಿನಿಂದ ಆಜ್ಞೆ ಬಂದು, ಕ್ರಮವಾಗಿ ತಾವೇ ಮುಗಿದುಹೋಗುತ್ತವೆ. ಸತ್ತದ್ದನ್ನು ಬೇರೆ ಜೀವಕೋಶಗಳು ನುಂಗಿ ಜಾಗ ಚೊಕ್ಕ ಮಾಡುತ್ತವೆ. ಆಮೇಲೆ ಉಳಿಯುವುದು ಬಿಡಿ ಬೆರಳು.

ಆ ಆಜ್ಞೆ ಕೊಡುವುದು ಬಿಎಂಪಿ. ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಬಾತಿನ ಕಾಲಲ್ಲಿ ಬಿಎಂಪಿ ಇಲ್ಲವೇನೋ ಅಂತ ಯಾರಿಗಾದರೂ ಅನಿಸುತ್ತದೆ. ನೋಡಿದರೆ ಅಲ್ಲೂ ಬೆರಳುಗಳ ನಡುವೆ ಬಿಎಂಪಿ ಇದೆ. ವ್ಯತ್ಯಾಸ ಇರುವುದು ಗ್ರೆಮ್ಲಿನ್‌ನಲ್ಲಿ. ಬಾತಿನ ಪೊರೆಯ ಜಾಗದಲ್ಲಿ ಗ್ರೆಮ್ಲಿನ್ ತಯಾರಾಗುತ್ತದೆ. ಅದು ಬಿಎಂಪಿಯನ್ನು ಹಿಡಿದುಕೊಳ್ಳುತ್ತದೆ. ಆಜ್ಞೆ ಜೀವಕೋಶಕ್ಕೆ ತಲುಪುವುದಿಲ್ಲ. ಪೊರೆ ಉಳಿಯುತ್ತದೆ. ಕೋಳಿ ಕಾಲಿನ ಅದೇ ಜಾಗದಲ್ಲಿ ಗ್ರೆಮ್ಲಿನ್ ಇರುವುದಿಲ್ಲ.

ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ. ಬಿಎಂಪಿ ಸಂಕೇತ ಒಳಗೆ ಹೋಗದ ಹಾಗೆ ಕೋಳಿ ಭ್ರೂಣದ ಕಾಲಲ್ಲಿ ಅದರ ರಿಸೆಪ್ಟರನ್ನು, ಅಂದರೆ ಜೀವಕೋಶದ ಮೇಲೆ ಅದನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಕೆಡಿಸಿದರು. ಕೋಳಿಗೆ ಪೊರೆಯ ಪಾದ ಬಂತು. ಅದು 1996ರಲ್ಲಿ. ಮೂರು ವರ್ಷದ ಮೇಲೆ ಬಾತಿನ ಗ್ರೆಮ್ಲಿನ್ ವಿಷಯ ಹೊರಬಂತು. ಗ್ರೆಮ್ಲಿನ್‌ನಲ್ಲಿ ನೆನೆಸಿದ ಪುಟ್ಟ ಮಣಿಯನ್ನು ಕೋಳಿ ಭ್ರೂಣದ ಬೆರಳುಗಳ ನಡುವೆ ಇಟ್ಟರೂ ಅಲ್ಲಿ ಪೊರೆ ಉಳಿಯುತ್ತದೆ.

ನಿಮ್ಮ ದೊಡ್ಡ ಪ್ರಶ್ನೆಗೆ, ತಡೆಯುವ ಪ್ರೋಟೀನು ಯಾಕೆ ಬೇಕು ಎಂಬುದಕ್ಕೆ, ಕಾಲು ಬರೀ ಒಂದು ಮೂಲೆ. ನಮ್ಮ ಮಿದುಳೇ ಇಂಥ ತಡೆಯಿಂದ ಶುರುವಾಗುವುದು. ಕೇಳುವವರಿದ್ದರೆ ಬರೆಯುತ್ತೇನೆ.

ಗಿರಿಸೀಮೆ, ಚಿಕ್ಕಮಗಳೂರು

ಸರ್, ಬರೆಯಿರಿ. ನಾನು ಬಿಎಸ್ಸಿ ಕೊನೆಯ ವರ್ಷ. ಶ್ಪೇಮನ್ ಆರ್ಗನೈಸರ್ ಬಗ್ಗೆ ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಬರುತ್ತದೆ. ನೋಟ್ಸ್‌ನಲ್ಲಿ "ಆರ್ಗನೈಸರ್ ನರ ಅಂಗಾಂಶವನ್ನು ಪ್ರೇರೇಪಿಸುತ್ತದೆ" ಎಂದು ಒಂದು ಸಾಲು. ಹೇಗೆ ಪ್ರೇರೇಪಿಸುತ್ತದೆ ಅಂತ ಎಲ್ಲೂ ಇಲ್ಲ.

ಮೇಷ್ಟ್ರು, ಹಾಸನ

ಆ 'ಹೇಗೆ' ಎಂಬುದಕ್ಕೆ ಉತ್ತರ ಸಿಗಲು ಸುಮಾರು ಎಪ್ಪತ್ತು ವರ್ಷ ಬೇಕಾಯಿತು. ನಿಧಾನವಾಗಿ ಓದು.

ಜರ್ಮನಿಯಲ್ಲಿ ಹಾನ್ಸ್ ಶ್ಪೇಮನ್ ಬಳಿ ಹಿಲ್ಡೆ ಮ್ಯಾಂಗೋಲ್ಡ್ ಎಂಬ ವಿದ್ಯಾರ್ಥಿನಿ ಪಿಎಚ್.ಡಿ.ಗೆ ಕೆಲಸ ಮಾಡುತ್ತಿದ್ದಳು. ಕಪ್ಪೆಯ ಬಳಗಕ್ಕೆ ಸೇರಿದ ನ್ಯೂಟ್ ಎಂಬ ಬಾಲವಿರುವ ಪ್ರಾಣಿಯ ಭ್ರೂಣಗಳು ಅವಳ ಕೈಯಲ್ಲಿದ್ದವು. ತಿಳಿ ಬಣ್ಣದ ಜಾತಿಯ ಭ್ರೂಣದಿಂದ ಒಂದು ಚೂರು, ಬೆನ್ನಿನ ಕಡೆ ಒಳಕ್ಕೆ ಮಡಚಿಕೊಳ್ಳಲು ಶುರುವಾಗುವ ತುಟಿಯ ಭಾಗ, ಅದನ್ನು ತೆಗೆದಳು. ಕಪ್ಪು ಬಣ್ಣದ ಜಾತಿಯ ಭ್ರೂಣದ ಹೊಟ್ಟೆಯ ಕಡೆ ಕೂರಿಸಿದಳು. ಅಲ್ಲಿ ಎರಡನೆಯ ಮರಿ ಬೆಳೆಯಿತು. ಬೆನ್ನುಹುರಿ, ಮಿದುಳು ಎಲ್ಲ ಇರುವ ಎರಡನೆಯ ದೇಹ, ಮೊದಲನೆಯದಕ್ಕೆ ಅಂಟಿಕೊಂಡು. ಬಣ್ಣ ನೋಡಿದಾಗ ಆ ಹೊಸ ನರಮಂಡಲ ಬಹುಪಾಲು ಕಪ್ಪು ಜಾತಿಯದು! ಅಂದರೆ ಕಸಿ ಮಾಡಿದ ಚೂರು ತಾನೇ ಬೆಳೆದು ಮಿದುಳಾಗಲಿಲ್ಲ. ಚರ್ಮವಾಗಬೇಕಿದ್ದ ಪಕ್ಕದ ಜೀವಕೋಶಗಳನ್ನು ಮಿದುಳಾಗಿಸಿತು. ಆ ಚೂರಿಗೇ ಆರ್ಗನೈಸರ್ ಎಂದು ಹೆಸರು.

ಪ್ರಬಂಧ 1924ರಲ್ಲಿ ಅಚ್ಚಾಯಿತು. ಅದೇ ವರ್ಷ ಮನೆಯಲ್ಲಿ ಒಲೆ ಸಿಡಿದು ಹಿಲ್ಡೆ ಸುಟ್ಟುಕೊಂಡು ತೀರಿಕೊಂಡಳು. ವಯಸ್ಸು 25. ಶ್ಪೇಮನ್‌ಗೆ 1935ರಲ್ಲಿ ನೊಬೆಲ್ ಬಂತು. ತರಗತಿಯಲ್ಲಿ ಈ ಭಾಗ ಬಂದಾಗಲೆಲ್ಲ ನಾನು ಮೊದಲು ಹಿಲ್ಡೆ ಹೆಸರನ್ನೇ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ನೀನೂ ಉತ್ತರ ಪತ್ರಿಕೆಯಲ್ಲಿ ಅವಳ ಹೆಸರು ಬಿಡಬೇಡ.

ಆಮೇಲೆ ಎಲ್ಲರೂ ಆ ಚೂರಿನಿಂದ ಹೊರಡುವ ಪದಾರ್ಥ ಯಾವುದು ಅಂತ ಹುಡುಕಿದರು. "ನರವಾಗು" ಎಂದು ಹೇಳುವ ಒಂದು ಪದಾರ್ಥ ಇರಲೇಬೇಕು ಎಂದು ನಂಬಿದ್ದರು. ಆದರೆ ಸತ್ತ ಆರ್ಗನೈಸರ್ ಇಟ್ಟರೂ ನರ ಅಂಗಾಂಶ ಬಂತು. ಮೆಥಿಲೀನ್ ಬ್ಲೂ ಬಣ್ಣ ಹಾಕಿದರೂ ಬಂತು. ಏನು ಹಾಕಿದರೂ ಬರುತ್ತದೆ ಅಂದರೆ ಯಾವುದನ್ನು ಅಂತ ಹಿಡಿಯುವುದು? ದಶಕಗಳ ಕಾಲ ಆ ಕೆಲಸ ನಿಂತೇಹೋಯಿತು.

1989ರಲ್ಲಿ ಒಂದು ಸುಳಿವು ಸಿಕ್ಕಿತು. ಕಪ್ಪೆ ಭ್ರೂಣದ ಮೇಲ್ತುದಿಯ ಜೀವಕೋಶಗಳನ್ನು ಒಟ್ಟಿಗೆ ಬಿಟ್ಟರೆ ಚರ್ಮವಾಗುತ್ತವೆ. ಅವುಗಳನ್ನು ಬಿಡಿ ಬಿಡಿಯಾಗಿ ಮಾಡಿ ಒಂದಷ್ಟು ಹೊತ್ತು ಬಿಟ್ಟರೆ ನರಕೋಶಗಳಾದವು. ಯಾರೂ ಏನೂ ಸೇರಿಸಿರಲಿಲ್ಲ. ಅಂದರೆ ನರವಾಗಲು ಅವು ಮೊದಲೇ ತಯಾರಿದ್ದವು. ಒಟ್ಟಿಗೆ ಇದ್ದಾಗ ಒಂದಕ್ಕೊಂದು ಏನನ್ನೋ ಕಳಿಸಿ "ಚರ್ಮವಾಗು" ಎನ್ನುತ್ತಿದ್ದವು. ಬಿಡಿಸಿದಾಗ ಅದು ನೀರಲ್ಲಿ ತೊಳೆದುಹೋಯಿತು.

ಆ 'ಏನನ್ನೋ' ಎಂಬುದೇ ಬಿಎಂಪಿ. ಮುಖ್ಯವಾಗಿ ಬಿಎಂಪಿ 4.

ಇನ್ನು ಆರ್ಗನೈಸರ್. ಅದರಿಂದ 1992ರಲ್ಲಿ ರಿಚರ್ಡ್ ಹಾರ್ಲ್ಯಾಂಡ್ ಮತ್ತು ವಿಲಿಯಂ ಸ್ಮಿತ್ ನೊಗ್ಗಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. 1994ರಲ್ಲಿ ಎಡ್ಡಿ ಡಿ ರೊಬರ್ಟಿಸ್ ಅವರ ಪ್ರಯೋಗಾಲಯದಿಂದ ಕಾರ್ಡಿನ್. ಅದೇ ವರ್ಷ ಫಾಲಿಸ್ಟಾಟಿನ್ ಕೂಡ ನರ ಅಂಗಾಂಶ ತರುತ್ತದೆ ಎಂದು ಗೊತ್ತಾಯಿತು. ಇವು ಯಾವ ರಿಸೆಪ್ಟರಿಗೆ ಅಂಟಿ ಆಜ್ಞೆ ಕೊಡುತ್ತವೆ ಅಂತ ಹುಡುಕಿದರೆ, 1996ರಲ್ಲಿ ಗೊತ್ತಾಗಿದ್ದು ಬೇರೆಯೇ. ನೊಗ್ಗಿನ್, ಕಾರ್ಡಿನ್ ಎರಡೂ ಜೀವಕೋಶದ ಹೊರಗೇ ನೇರವಾಗಿ ಬಿಎಂಪಿಗೆ ಅಂಟಿಕೊಳ್ಳುತ್ತವೆ. ಬಿಎಂಪಿ ತನ್ನ ರಿಸೆಪ್ಟರ್ ಮುಟ್ಟಲು ಬಿಡುವುದಿಲ್ಲ. ಅಷ್ಟೇ ಅವುಗಳ ಕೆಲಸ. ಆರ್ಗನೈಸರ್ ಕೊಡುತ್ತಿದ್ದುದು ಒಂದು "ಬೇಡ". ಆ "ಬೇಡ" ತಲುಪಿದ ಕಡೆ ಮಿದುಳು, ತಲುಪದ ಕಡೆ ಚರ್ಮ.

ಹೇಮಾವತಿ ದಡ, ಸಕಲೇಶಪುರ

ಸರ್, ಓದಿ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನನಗೆ ಅರ್ಥವಾಗಿದ್ದು ಹೀಗೆ. ಗದ್ದೆಯಲ್ಲಿ ಮೇಲಿನಿಂದ ನೀರು ಎಲ್ಲಾ ಮಡಿಗೂ ಹರಿಯುತ್ತಿರುತ್ತದೆ. ಒಂದು ಮಡಿಗೆ ಮಾತ್ರ ಬದು ಹಾಕಿ ತಡೆದರೆ ಆ ಮಡಿ ಒಣಗಿರುತ್ತದೆ, ಅಲ್ಲಿ ಬೇರೆ ಬೆಳೆ ಬರುತ್ತದೆ. ನೊಗ್ಗಿನ್, ಕಾರ್ಡಿನ್ ಆ ಬದು. ಸರಿನಾ?

ಮೇಷ್ಟ್ರು, ಹಾಸನ

ಸರಿ. ಅದಕ್ಕೆ ಒಂದು ಮಾತು ಸೇರಿಸಿಕೊಳ್ಳಿ. ಭ್ರೂಣ ಆ ಬದುವನ್ನೂ ಅಲ್ಲಲ್ಲಿ ಕಡಿಯುತ್ತದೆ. ಟಾಲಾಯ್ಡ್ ಎಂಬ ಕಿಣ್ವ ಕಾರ್ಡಿನ್ ಅನ್ನು ತುಂಡು ಮಾಡುತ್ತದೆ. ಹಿಡಿದಿಟ್ಟಿದ್ದ ಬಿಎಂಪಿ ಬಿಡುಗಡೆ ಆಗುತ್ತದೆ. ಬೆನ್ನಿನ ಕಡೆ ಕಾರ್ಡಿನ್ ಹುಟ್ಟುತ್ತದೆ, ಬಿಎಂಪಿಯನ್ನು ಹಿಡಿದುಕೊಂಡು ಹೊಟ್ಟೆಯ ಕಡೆ ಸಾಗುತ್ತದೆ, ಅಲ್ಲಿ ಟಾಲಾಯ್ಡ್ ಕಡಿಯುತ್ತದೆ. ಹೀಗಾಗಿ ಹೊಟ್ಟೆಯ ಕಡೆ ಬಿಎಂಪಿ ಜಾಸ್ತಿ, ಬೆನ್ನಿನ ಕಡೆ ಹೋಗುತ್ತಾ ಕಡಿಮೆ. ಆ ಏರಿಳಿತದ ಮೇಲೆ ಯಾವ ಜೀವಕೋಶ ಎಲ್ಲಿದೆ, ಏನಾಗಬೇಕು ಎಂಬುದು ನಿಗದಿಯಾಗುತ್ತದೆ.

ಗಿರಿಸೀಮೆ, ಚಿಕ್ಕಮಗಳೂರು

ಸರ್, ಒಂದು ಅನುಮಾನ. ಬಿಎಂಪಿ ಅಂದರೆ ಮೂಳೆ ಬೆಳೆಸುವ ಪ್ರೋಟೀನು ಅಂತ ಓದಿದ ನೆನಪು. ಅದು ಚರ್ಮಕ್ಕೂ ಆಜ್ಞೆ ಕೊಡುತ್ತೆ, ಬೆರಳ ನಡುವೆ ಸಾಯಲೂ ಹೇಳುತ್ತೆ. ಒಂದೇ ಪ್ರೋಟೀನು ಇಷ್ಟೆಲ್ಲ ಹೇಗೆ?

ಕಡೂರಿನವಳು, ಈಗ ಬೆಂಗಳೂರು

ಇದಕ್ಕೆ ನಾನು ಹೇಳಬಹುದು. ಸ್ಟೆಮ್ ಸೆಲ್ ಪ್ರಯೋಗಾಲಯದಲ್ಲಿ ಕೆಲಸ, ನೊಗ್ಗಿನ್ ನಮಗೆ ದಿನಬಳಕೆಯ ವಸ್ತು.

ಮೂಳೆಯ ಹೆಸರು ಬಂದದ್ದು ಮೊದಲು ಸಿಕ್ಕಿದ ಜಾಗದಿಂದ. 1965ರಲ್ಲಿ ಮಾರ್ಷಲ್ ಯುರಿಸ್ಟ್ ಎಂಬ ಮೂಳೆ ಸರ್ಜನ್, ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟು ನೋಡಿದರು. ಮಾಂಸದೊಳಗೆ ಹೊಸ ಮೂಳೆ ಹುಟ್ಟಿತು. ಹಾಗಾಗಿ ಆ ಹೆಸರು. ಆಮೇಲೆ ನೋಡಿದರೆ ಇದು ದೇಹದ ಎಲ್ಲಾ ಕಡೆ ಇದೆ.

ಬಿಎಂಪಿ ರಿಸೆಪ್ಟರಿಗೆ ಅಂಟಿದರೆ ಒಳಗೆ ಸ್ಮ್ಯಾಡ್ ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರುತ್ತದೆ. ಅವು ನ್ಯೂಕ್ಲಿಯಸ್ಸಿಗೆ ಹೋಗಿ ಕೆಲವು ಜೀನುಗಳನ್ನು ಚಾಲೂ ಮಾಡುತ್ತವೆ. ಇಷ್ಟು ಎಲ್ಲಾ ಕಡೆ ಒಂದೇ. ಯಾವ ಜೀನು ತೆರೆದಿದೆ, ಯಾವುದು ಮುಚ್ಚಿದೆ ಎಂಬುದು ಆ ಜೀವಕೋಶದ ಹಿಂದಿನ ಇತಿಹಾಸ. ಅದಕ್ಕೇ ಒಂದೇ ಸಂಕೇತಕ್ಕೆ ಒಂದು ಕಡೆ ಚರ್ಮ, ಇನ್ನೊಂದು ಕಡೆ ಮೃದ್ವಸ್ಥಿ, ಮತ್ತೊಂದು ಕಡೆ ಸಾವು. ಸಂಕೇತಗಳ ಸಂಖ್ಯೆ ಕಡಿಮೆ. ಎಲ್ಲಿ ಬೇಡವೋ ಅಲ್ಲಿ ತಡೆಯುವ ಪ್ರೋಟೀನು ಬಗೆಬಗೆಯವು. ನನ್ನ ಮಟ್ಟಿಗೆ ಭ್ರೂಣದ ಆಕಾರದ ಗುಟ್ಟು ಬಹುಪಾಲು ಈ ಎರಡನೆಯ ಗುಂಪಿನಲ್ಲಿದೆ.

ಓದುಗ, ಅಜ್ಜಂಪುರ

ಚರ್ಚೆ ಚೆನ್ನಾಗಿದೆ. ಆದರೆ "ಬಿಎಂಪಿ ತಡೆದರೆ ಸಾಕು, ತಾನೇ ಮಿದುಳು" ಎಂಬ ಮಾತು ಸ್ವಲ್ಪ ಜಾಸ್ತಿ ಆಯಿತು. ಅದು ಕಪ್ಪೆಯಲ್ಲಿ ಚೆನ್ನಾಗಿ ಕಾಣುವ ಕಥೆ. ಕೋಳಿ ಭ್ರೂಣದಲ್ಲಿ ಬರೀ ನೊಗ್ಗಿನ್, ಕಾರ್ಡಿನ್ ಇಟ್ಟರೆ ಚರ್ಮವಾಗುವ ಜಾಗ ನರವಾಗುವುದಿಲ್ಲ. ಎಫ್‌ಜಿಎಫ್ ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಅದಕ್ಕೂ ಮೊದಲೇ ಕೆಲಸ ಮಾಡಿರಬೇಕು. ಇನ್ನೊಂದು. ಇಲಿಯಲ್ಲಿ ನೊಗ್ಗಿನ್ ಒಂದನ್ನೇ ತೆಗೆದರೆ ಮಿದುಳು ಬಂದೇ ಬರುತ್ತದೆ. ಅಷ್ಟು ಮುಖ್ಯವಾದರೆ ಹೇಗೆ ಬರುತ್ತದೆ?

ಮೇಷ್ಟ್ರು, ಹಾಸನ

ಎಫ್‌ಜಿಎಫ್ ವಿಷಯ ನೀವು ಹೇಳಿದ್ದು ಸರಿ, ಅದನ್ನು ಸೇರಿಸಲೇಬೇಕು. ಎರಡನೆಯದಕ್ಕೆ ಕಡೂರಿನ ತಂಗಿ ಉತ್ತರ ಕೊಡಲಿ.

ಕಡೂರಿನವಳು, ಈಗ ಬೆಂಗಳೂರು

ಅಜ್ಜಂಪುರದ ಅಣ್ಣ ಎತ್ತಿದ ಎರಡೂ ಮಾತು ತೂಕದವು.

ಒಂದನ್ನು ತೆಗೆದರೆ ಇನ್ನೊಂದು ಆ ಕೆಲಸ ನಿಭಾಯಿಸುತ್ತದೆ. 2000ದಲ್ಲಿ ಇಲಿಯಲ್ಲಿ ನೊಗ್ಗಿನ್, ಕಾರ್ಡಿನ್ ಎರಡನ್ನೂ ಒಟ್ಟಿಗೆ ತೆಗೆದರು. ಮುಂಮಿದುಳು ಬರಲಿಲ್ಲ. 2005ರಲ್ಲಿ ಕಪ್ಪೆಯಲ್ಲಿ ನೊಗ್ಗಿನ್, ಕಾರ್ಡಿನ್, ಫಾಲಿಸ್ಟಾಟಿನ್ ಮೂರನ್ನೂ ಕುಗ್ಗಿಸಿದರು. ಬೆನ್ನಿನ ಕಡೆಯ ಅಂಗಾಂಶವೇ ಹೋಯಿತು, ನರಮಂಡಲವೂ ಅದರ ಜೊತೆ. ಅದೇ ವರ್ಷ ಡಿ ರೊಬರ್ಟಿಸ್ ಗುಂಪು ತಿರುಗಾಮುರುಗಾ ಮಾಡಿತು. ಬಿಎಂಪಿ 2, 4, 7 ಮತ್ತು ಅದೇ ಬಳಗದ ಎಡಿಎಂಪಿ, ನಾಲ್ಕನ್ನೂ ಕುಗ್ಗಿಸಿದರು. ಭ್ರೂಣದ ಹೊರಪದರ ಪೂರ್ತಿ ನರ ಅಂಗಾಂಶವಾಯಿತು. ಚರ್ಮವೇ ಇಲ್ಲ! ಇಷ್ಟು ನೇರ ಸಾಕ್ಷಿ ಇರುವುದರಿಂದ ತಡೆಯೇ ಮುಖ್ಯ ಎಂದು ನಾನು ಹೇಳುತ್ತೇನೆ.

ಎಫ್‌ಜಿಎಫ್ ಬಗ್ಗೆ. ಅದು ತನ್ನದೇ ಕೆಲಸ ಮಾಡುತ್ತದೆ, ನಿಜ. ಆದರೆ ಅದರ ಒಂದು ಕೆಲಸ ಜೀವಕೋಶದ ಒಳಗೆ ಸ್ಮ್ಯಾಡ್ 1ಕ್ಕೆ ಬೇರೆ ಜಾಗದಲ್ಲಿ ಫಾಸ್ಫೇಟ್ ಸೇರಿಸಿ ಅದನ್ನು ದುರ್ಬಲ ಮಾಡುವುದು. ಅಂದರೆ ನೊಗ್ಗಿನ್ ಹೊರಗಿನಿಂದ ತಡೆದದ್ದನ್ನೇ ಎಫ್‌ಜಿಎಫ್ ಒಳಗಿನಿಂದಲೂ ತಡೆಯುತ್ತದೆ. ಇದು 2003ರಲ್ಲಿ ಗೊತ್ತಾಯಿತು. ಎರಡು ಕಥೆಗಳು ಒಂದೇ ಕಡೆ ಬಂದು ಸೇರುವ ಈ ಜಾಗ ನನಗೆ ತುಂಬಾ ಇಷ್ಟ.

ಓದುಗ, ಅಜ್ಜಂಪುರ

ಈ ಸ್ಮ್ಯಾಡ್ ವಿಷಯ ಗೊತ್ತಿರಲಿಲ್ಲ ತಂಗಿ. ಧನ್ಯವಾದ. ಆದರೂ ಕೋಳಿಗೆ "ತಡೆ ಬೇಕು, ತಡೆ ಒಂದೇ ಸಾಲದು" ಎಂದು ಬರೆಯುವುದೇ ಸರಿ ಅಂತ ನನ್ನ ಅಭಿಪ್ರಾಯ.

ಕಡೂರಿನವಳು, ಈಗ ಬೆಂಗಳೂರು

ಒಪ್ಪಿದೆ ಅಣ್ಣ.

ಗಿರಿಸೀಮೆ, ಚಿಕ್ಕಮಗಳೂರು

ಪಿಯುಸಿ ತಂಗಿಗೆ ಒಂದು ವಿಷಯ ಹೇಳಬೇಕು. ಜಿರಳೆ ಪಾಠದಲ್ಲಿ ನರಹುರಿ ಹೊಟ್ಟೆಯ ಕಡೆ ಇರುತ್ತೆ ಅಂತ ಓದಿರುತ್ತೀಯ. ಕಪ್ಪೆಗೆ, ನಮಗೆ ಅದು ಬೆನ್ನಿನ ಕಡೆ. ಯಾಕೆ ಹೀಗೆ ಅಂತ ಆಗ ಯಾರನ್ನೂ ಕೇಳಿರಲಿಲ್ಲ. ಹಣ್ಣಿನ ನೊಣದಲ್ಲಿ ಬಿಎಂಪಿಗೆ ಸಮನಾದ ಡಿಪಿಪಿ ಇದೆ, ಅದು ಬೆನ್ನಿನ ಕಡೆ. ಕಾರ್ಡಿನ್‌ಗೆ ಸಮನಾದ ಸಾಗ್ ಎಂಬುದು ಇದೆ, ಅದು ಹೊಟ್ಟೆಯ ಕಡೆ. ನೊಣದಲ್ಲೂ ನಮ್ಮಲ್ಲೂ ನಿಯಮ ಒಂದೇ. ಎಲ್ಲಿ ತಡೆಯೋ ಅಲ್ಲಿ ನರ. ದೇಹ ಮಾತ್ರ ತಲೆಕೆಳಗು. ಕೀಟ ಮತ್ತು ಬೆನ್ನೆಲುಬಿನ ಪ್ರಾಣಿಗಳ ದೇಹ ಒಂದಕ್ಕೊಂದು ಮಗುಚಿದ ಹಾಗಿವೆ ಎಂದು ಫ್ರಾನ್ಸಿನ ಜೆಫ್ರುವಾ ಸೇಂಟ್ ಹಿಲೇರ್ 1822ರಲ್ಲೇ ಹೇಳಿದ್ದರು. ಆ ಮಾತನ್ನು ಆಗ ಹೆಚ್ಚಿನವರು ಒಪ್ಪಲಿಲ್ಲ. 1990ರ ದಶಕದಲ್ಲಿ ಈ ಪ್ರೋಟೀನುಗಳು ಸಿಕ್ಕ ಮೇಲೆ ಆ ಮಾತಿಗೆ ಬೆಲೆ ಬಂತು. ಕಪ್ಪೆಯ ಕಾರ್ಡಿನ್ ಅನ್ನು ನೊಣದೊಳಗೆ ಇಟ್ಟರೆ ಸಾಗ್ ಮಾಡುವ ಕೆಲಸವನ್ನೇ ಮಾಡುತ್ತದೆ.

ಸರ್, ಇದನ್ನು ಬರೆದರೆ ಅಂಕ ಸಿಗುತ್ತಾ?

ಮೇಷ್ಟ್ರು, ಹಾಸನ

ಸಿಗಬೇಕು. ತಲೆಯ ವಿಷಯವನ್ನೂ ಒಂದು ಸಾಲು ಸೇರಿಸು. ಕಪ್ಪೆ ಭ್ರೂಣದ ಹೊಟ್ಟೆಯ ಕಡೆ ಬಿಎಂಪಿ ಒಂದನ್ನು ತಡೆದರೆ ಎರಡನೆಯ ಮುಂಡ ಬರುತ್ತದೆ, ತಲೆ ಬರುವುದಿಲ್ಲ. ತಲೆಗೆ ವಿಂಟ್ ಎಂಬ ಸಂಕೇತವನ್ನೂ ತಡೆಯಬೇಕು. ಸರ್ಬೆರಸ್ ಎಂಬ ಪ್ರೋಟೀನು 1996ರಲ್ಲಿ, ಡಿಕ್ಕೊಪ್ಫ್ ಎಂಬುದು 1998ರಲ್ಲಿ, ಎರಡೂ ಕಪ್ಪೆಯಲ್ಲಿ ಸಿಕ್ಕವು. ಸರ್ಬೆರಸ್ ಬಿಎಂಪಿ, ವಿಂಟ್, ನೋಡಲ್ ಎಂಬ ಮೂರು ಸಂಕೇತಗಳನ್ನೂ ತಡೆಯುತ್ತದೆ. ಅದನ್ನು ಭ್ರೂಣದ ಹೊಟ್ಟೆಯ ಕಡೆ ಚುಚ್ಚಿದರೆ ಅಲ್ಲೊಂದು ತಲೆ ಹುಟ್ಟುತ್ತದೆ. ಡಿಕ್ಕೊಪ್ಫ್ 1 ಇಲ್ಲದ ಇಲಿಮರಿಗೆ ತಲೆಯ ಮುಂಭಾಗವೇ ಬೆಳೆಯುವುದಿಲ್ಲ.

ಯಗಚಿ ತೀರ, ಬೇಲೂರು

ನಾನು ಈ ವಿಷಯ ಓದಿದವಳಲ್ಲ. ಬೆರಳಿನ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಬಲಗೈಯ ನಡುಬೆರಳು, ಉಂಗುರಬೆರಳು ಅಂಟಿಕೊಂಡೇ ಇವೆ. ಇನ್ನೂ ಒಂದು ವರ್ಷ ತುಂಬಿಲ್ಲ. ನಾನು ಐದು ತಿಂಗಳ ಬಸುರಿಯಾಗಿದ್ದಾಗ ಗ್ರಹಣ ಬಂತು. ಆ ದಿನ ಅಂಗಳಕ್ಕೆ ಹೋಗಿ ಒಣಗಿಸಿದ ಬಟ್ಟೆ ತಂದೆ. ಮಗು ಹುಟ್ಟಿದ ದಿನದಿಂದ ಮನೆಯಲ್ಲಿ ಅದೇ ಮಾತು. ನೆಂಟರು ಬಂದಾಗಲೂ ಅದೇ. ಮಗುವಿನ ಕೈಗೆ ಬಟ್ಟೆ ಸುತ್ತಿ ಮುಚ್ಚಿಡುತ್ತಾರೆ. ನಿಜವಾಗಿ ನನ್ನಿಂದಲೇ ಆಯಿತಾ? ಯಾರಾದರೂ ಸರಿಯಾಗಿ ಹೇಳಿ.

ಮೇಷ್ಟ್ರು, ಹಾಸನ

ತಂಗಿ, ನಿನ್ನಿಂದ ಆಗಿಲ್ಲ. ಕಾರಣ ಹೇಳುತ್ತೇನೆ, ಮನೆಯವರಿಗೂ ಓದಿ ಹೇಳು.

ಮನುಷ್ಯ ಭ್ರೂಣದ ಕೈಬೆರಳು ಬಿಡಿಯಾಗುವುದು ಗರ್ಭ ಕಟ್ಟಿದ ಆರನೇ ವಾರದಿಂದ ಎಂಟನೇ ವಾರದೊಳಗೆ. ಕೊನೆಯ ಮುಟ್ಟಿನ ದಿನದಿಂದ ಲೆಕ್ಕ ಹೇಳಿದರೆ ಹತ್ತು ವಾರದ ಒಳಗೆ ಆ ಕೆಲಸ ಮುಗಿದಿರುತ್ತದೆ. ಕೋಳಿ ಕಾಲಲ್ಲಿ ನಡೆದದ್ದೇ ಅಲ್ಲೂ ನಡೆಯುತ್ತದೆ. ನಡುವಿನ ಜೀವಕೋಶಗಳು ಸಾಯಬೇಕು. ಕೆಲವು ಮಕ್ಕಳಲ್ಲಿ ಒಂದೆರಡು ಬೆರಳ ನಡುವೆ ಅದು ಪೂರ್ತಿ ಆಗುವುದಿಲ್ಲ. ನಿನ್ನ ಗ್ರಹಣ ಐದನೇ ತಿಂಗಳಲ್ಲಿ. ಆ ಹೊತ್ತಿಗೆ ಮಗುವಿನ ಬೆರಳು ಹೇಗಿರಬೇಕೋ ಹಾಗೆ ಆಗಿ ಎರಡು ತಿಂಗಳ ಮೇಲಾಗಿತ್ತು. ನೀನು ಒಳಗಿದ್ದರೂ ಅದೇ ಕೈ, ಹೊರಗಿದ್ದರೂ ಅದೇ ಕೈ.

ಅಂಗಳಕ್ಕೆ ಹೋದ ಒಬ್ಬ ಹೆಣ್ಣುಮಗಳ ಮೇಲೆ ಜೀವಮಾನದ ಅಪವಾದ ಹೊರಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಇದನ್ನು ನಾನು ಸೌಮ್ಯವಾಗಿ ಹೇಳಲಾರೆ.

ಕಡೂರಿನವಳು, ಈಗ ಬೆಂಗಳೂರು

ಅಕ್ಕಾ, ಹುಟ್ಟುವ ಎರಡು ಮೂರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಹೀಗೆ ಬೆರಳು ಅಂಟಿರುತ್ತದೆ. ಅದರಲ್ಲೂ ನಡುಬೆರಳು ಮತ್ತು ಉಂಗುರಬೆರಳಿನ ನಡುವೆಯೇ ಜಾಸ್ತಿ. ಕಾರಣ ಒಂದೇ ಅಲ್ಲ, ಬೇರೆ ಬೇರೆ ಜೀನುಗಳಿವೆ. ಎಷ್ಟೋ ಸಲ ಮನೆತನದಲ್ಲಿ ಯಾರಿಗೂ ಇಲ್ಲದೆಯೂ ಬರುತ್ತದೆ. ಆಪರೇಷನ್ ಮಾಡಿ ಬಿಡಿಸಬಹುದು. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ ಮಾಡುತ್ತಾರೆ. ಚರ್ಮ ಸಾಲದಿದ್ದರೆ ಬೇರೆ ಕಡೆಯಿಂದ ತೆಗೆದು ಹಾಕುತ್ತಾರೆ. ಮೊದಲು ಎಕ್ಸ್‌ರೇ ತೆಗೆದು, ಚರ್ಮ ಮಾತ್ರ ಅಂಟಿದೆಯೋ ಮೂಳೆಯೂ ಸೇರಿದೆಯೋ ನೋಡುತ್ತಾರೆ. ಪ್ಲಾಸ್ಟಿಕ್ ಸರ್ಜನ್ ಅಥವಾ ಮಕ್ಕಳ ಮೂಳೆ ಡಾಕ್ಟರಿಗೆ ತೋರಿಸಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೂ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ತಂಡ) ತೋರಿಸಿ, ಎಲ್ಲಿಗೆ ಹೋಗಬೇಕೆಂದು ಅವರು ಬರೆದುಕೊಡುತ್ತಾರೆ. ಕೈಯನ್ನು ಮುಚ್ಚಿಡಬೇಡಿ ಅಕ್ಕಾ. ಮಗು ಆ ಕೈಯಲ್ಲಿ ಹಿಡಿಯಲಿ, ಆಡಲಿ.

ಯಗಚಿ ತೀರ, ಬೇಲೂರು

ನಮ್ಮ ಯಜಮಾನರಿಗೆ ಮೇಷ್ಟ್ರು ಬರೆದದ್ದನ್ನು ಓದಿ ಹೇಳಿದೆ. ಅವರು ತಾಯಿಗೂ ಓದಿ ಹೇಳಿದರು. ಮುಂದಿನ ವಾರ ಹಾಸನಕ್ಕೆ ಹೋಗಿ ತೋರಿಸುತ್ತೇವೆ. ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಓದುಗ, ಅಜ್ಜಂಪುರ

ಒಳ್ಳೆಯದಾಗಲಿ ತಾಯಿ.

ಬೆರಳಿನದೇ ಇನ್ನೊಂದು ತೊಂದರೆ ಇದೆ. ಕೆಲವು ಮನೆತನಗಳಲ್ಲಿ ಬೆರಳಿನ ಗೆಣ್ಣು ಮಡಚಲು ಬರುವುದಿಲ್ಲ. ತಂದೆಗೆ, ಮಗನಿಗೆ, ಮೊಮ್ಮಗಳಿಗೆ ಹಾಗೇ ಸಾಗುತ್ತದೆ. 1999ರಲ್ಲಿ ಇದಕ್ಕೆ ನೊಗ್ಗಿನ್ ಜೀನಿನ ದೋಷ ಕಾರಣ ಎಂದು ಕಂಡುಕೊಂಡರು. ಕೀಲು ಆಗಬೇಕಾದ ಜಾಗದಲ್ಲಿ ಬಿಎಂಪಿಯನ್ನು ತಡೆಯಬೇಕು. ನೊಗ್ಗಿನ್ ಸಾಲದಿದ್ದರೆ ಅಲ್ಲೂ ಮೃದ್ವಸ್ಥಿ ಬೆಳೆದು ಎರಡು ಮೂಳೆ ಒಂದಾಗುತ್ತವೆ. ಇದೇ ಕಾರಣಕ್ಕೆ ಕಿವಿಯೊಳಗಿನ ಪುಟ್ಟ ಮೂಳೆ ಅಲುಗಾಡದೆ ಕಿವಿ ಮಂದವಾಗುವುದೂ ಉಂಟು. ಗೆಣ್ಣು ಮಡಚದವರು ಮನೆಯಲ್ಲಿದ್ದರೆ ಕಿವಿಯನ್ನೂ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಹೈನು ಮನೆ, ಚನ್ನರಾಯಪಟ್ಟಣ

ನಮ್ಮದು ಹಸು ಸಾಕಾಣಿಕೆ. ಇಲ್ಲಿ ಬರೆಯಬಹುದೋ ಇಲ್ಲವೋ ಗೊತ್ತಿಲ್ಲ. ಅವಳಿ ಕರು ಹುಟ್ಟಿ ಒಂದು ಹೋರಿ, ಒಂದು ಕಡಸು ಆದರೆ, ಆ ಕಡಸು ಬೆದೆಗೆ ಬರುವುದಿಲ್ಲ, ಗೊಡ್ಡು ಬೀಳುತ್ತದೆ ಅಂತ ನಮ್ಮ ಹಿರಿಯರು ಹೇಳುತ್ತಾರೆ. ನಮ್ಮ ಕೊಟ್ಟಿಗೆಯಲ್ಲೂ ಹಾಗೇ ಆಯಿತು. ಇದೂ ಇಂಥದ್ದೇ ಪ್ರೋಟೀನಾ?

ಮೇಷ್ಟ್ರು, ಹಾಸನ

ಬರೆಯಬಹುದು, ಬರೆಯಲೇಬೇಕು. ಹಿರಿಯರು ಹೇಳಿದ್ದು ನಿಜ. ಹೋರಿಯ ಜೊತೆ ಹುಟ್ಟಿದ ಕಡಸುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗೊಡ್ಡೇ. ಹಸುವಿನಲ್ಲಿ ಅವಳಿಗಳ ಮಾಸುಗಳ ರಕ್ತನಾಳ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಹೋರಿ ಭ್ರೂಣದ ವೃಷಣದಿಂದ ಎಎಂಎಚ್ ಎಂಬ ಹಾರ್ಮೋನು ಬರುತ್ತದೆ. ಗರ್ಭಕೋಶವಾಗುವ ನಾಳ ತನ್ನಲ್ಲಿ ಬೆಳೆಯದಂತೆ ಹೋರಿ ಅದನ್ನು ಬಿಡುವುದು. ರಕ್ತದ ಜೊತೆ ಅದು ಕಡಸಿನ ಭ್ರೂಣಕ್ಕೂ ಹೋಗಿ, ಅಲ್ಲೂ ಗರ್ಭಕೋಶ ಬೆಳೆಯದ ಹಾಗೆ ಮಾಡುತ್ತದೆ. ಈ ಎಎಂಎಚ್ ಬಿಎಂಪಿಯ ದೊಡ್ಡ ಬಳಗದ್ದೇ. ಆದರೆ ನೊಗ್ಗಿನ್ ತರಹ ಬೇರೆ ಸಂಕೇತವನ್ನು ಹಿಡಿದು ನಿಲ್ಲಿಸುವುದಿಲ್ಲ. ತಾನೇ ನಿಲ್ಲಿಸುವ ಸಂಕೇತ. ಅಂಥ ಕಡಸನ್ನು ವರ್ಷಗಟ್ಟಲೆ ಕಾದು ಸಾಕುವ ಮೊದಲು ಪಶು ವೈದ್ಯರಿಂದ ಪರೀಕ್ಷೆ ಮಾಡಿಸಿ. ಚಿಕ್ಕದಿರುವಾಗಲೇ ಗೊತ್ತಾಗುತ್ತದೆ.

ಹಸುವಿನ ಮಾತು ಬಂದಿದ್ದಕ್ಕೆ ಇನ್ನೊಂದು. ಬೆಲ್ಜಿಯನ್ ಬ್ಲೂ ಎಂಬ ವಿದೇಶಿ ತಳಿಗೆ ಮೈತುಂಬ ವಿಪರೀತ ಮಾಂಸ. ಮಾಂಸಖಂಡದ ಬೆಳವಣಿಗೆಗೆ ಮಿತಿ ಹಾಕುವ ಮಯೋಸ್ಟಾಟಿನ್ ಎಂಬ ಪ್ರೋಟೀನಿನ ಜೀನು ಆ ತಳಿಯಲ್ಲಿ ಕೆಟ್ಟಿದೆ ಎಂದು 1997ರಲ್ಲಿ ತಿಳಿಯಿತು. ಕರು ದಪ್ಪವಾಗಿ ಹೆರಿಗೆ ಕಷ್ಟ, ಬಹಳಷ್ಟು ಹಸುಗಳಿಗೆ ಹೊಟ್ಟೆ ಕೊಯ್ದೇ ಕರು ತೆಗೆಯಬೇಕು.

ಹೈನು ಮನೆ, ಚನ್ನರಾಯಪಟ್ಟಣ

ತುಂಬಾ ಉಪಕಾರವಾಯಿತು ಮೇಷ್ಟ್ರೇ. ಇದನ್ನು ನಮ್ಮ ಹಾಲಿನ ಸೊಸೈಟಿಯಲ್ಲಿ ಎಲ್ಲರಿಗೂ ಹೇಳುತ್ತೇನೆ.

ಹೇಮಾವತಿ ದಡ, ಸಕಲೇಶಪುರ

ಮಗಳು ಎರಡು ಪ್ರಶ್ನೆ ಬರೆದುಕೊಟ್ಟಿದ್ದಾಳೆ. ಒಂದು, ಬಾವಲಿಯ ರೆಕ್ಕೆ. ಅದೂ ಬೆರಳುಗಳ ನಡುವಿನ ಪೊರೆಯೇ ಅಲ್ವಾ? ಎರಡು, ಕಡೂರಿನ ಅಕ್ಕ ಪ್ರಯೋಗಾಲಯದಲ್ಲಿ ನೊಗ್ಗಿನ್ ಯಾಕೆ ಬಳಸುತ್ತಾರೆ?

ಕಡೂರಿನವಳು, ಈಗ ಬೆಂಗಳೂರು

ಪುಟ್ಟಿ, ಬಾವಲಿಯದು ಅದೇ ಉಪಾಯ. 2006ರಲ್ಲಿ ನೋಡಿದ್ದಾರೆ. ರೆಕ್ಕೆಯಾಗುವ ಮುಂಗಾಲಲ್ಲಿ ಬೆರಳುಗಳ ನಡುವೆ ಗ್ರೆಮ್ಲಿನ್ ಇದೆ, ಅದರ ಜೊತೆ ಎಫ್‌ಜಿಎಫ್ 8 ಕೂಡ. ಎರಡೂ ಸೇರಿ ಸಾವಿನ ಆಜ್ಞೆಯನ್ನು ತಡೆಯುತ್ತವೆ. ಬಾವಲಿಯ ಹಿಂಗಾಲು ನೋಡು, ಬೆರಳು ಬಿಡಿಬಿಡಿ. ನೇತಾಡಲು ಅದು ಬೇಕು. ಅಲ್ಲಿ ಆ ತಡೆ ಇಲ್ಲ, ಜೀವಕೋಶಗಳು ಸಾಯುತ್ತವೆ. ಒಂದೇ ಪ್ರಾಣಿಯ ಮುಂದೆ ಬಾತಿನ ದಾರಿ, ಹಿಂದೆ ಕೋಳಿಯ ದಾರಿ.

ಎರಡನೆಯದು. ನಾವು ಬಳಸುವ ಬಗೆಯ ಮನುಷ್ಯರ ಸ್ಟೆಮ್ ಸೆಲ್ ದೇಹದ ಯಾವ ಜೀವಕೋಶ ಬೇಕಾದರೂ ಆಗಬಲ್ಲದು. ಅದನ್ನು ನರಕೋಶ ಮಾಡಬೇಕಾದರೆ ನಾವು ಭ್ರೂಣದ ದಾರಿಯನ್ನೇ ಹಿಡಿಯುತ್ತೇವೆ. ನೊಗ್ಗಿನ್ ಹಾಕಿ ಬಿಎಂಪಿಯನ್ನು ತಡೆಯುತ್ತೇವೆ. ಇನ್ನೊಂದು ರಾಸಾಯನಿಕ ಹಾಕಿ ಆಕ್ಟಿವಿನ್, ನೋಡಲ್ ಸಂಕೇತಗಳನ್ನೂ ತಡೆಯುತ್ತೇವೆ. ಈ ವಿಧಾನ 2009ರಲ್ಲಿ ಬಂತು. ಕೆಲವೇ ದಿನಗಳಲ್ಲಿ ತಟ್ಟೆಯಲ್ಲಿ ಬಹುಪಾಲು ನರದ ಕಡೆ ಹೊರಟ ಜೀವಕೋಶಗಳು. ಪಾರ್ಕಿನ್ಸನ್ ರೋಗದಲ್ಲಿ ಸಾಯುವ ಬಗೆಯ ನರಕೋಶ ಬೆಳೆಸಲು ಇದೇ ಮೊದಲ ಮೆಟ್ಟಿಲು. ಅದೇ ವರ್ಷ ಹಾನ್ಸ್ ಕ್ಲೆವರ್ಸ್ ಎಂಬ ವಿಜ್ಞಾನಿಯ ಗುಂಪು ಇಲಿಯ ಕರುಳಿನ ಸ್ಟೆಮ್ ಸೆಲ್ಲಿನಿಂದ ಪುಟ್ಟ ಕರುಳನ್ನು ತಟ್ಟೆಯಲ್ಲಿ ಬೆಳೆಸಿತು. ಅದರ ದ್ರವದಲ್ಲೂ ನೊಗ್ಗಿನ್ ಇರಲೇಬೇಕು.

ಹೇಮಾವತಿ ದಡ, ಸಕಲೇಶಪುರ

ಈಗ ಅವಳಿಗೆ ಮೊಟ್ಟೆ ಒಡೆದು ಎಂಟನೇ ದಿನದ ಕಾಲು ನೋಡಬೇಕಂತೆ. ಏನು ಹೇಳಲಿ ಸರ್?

ಮೇಷ್ಟ್ರು, ಹಾಸನ

ಕಾವಿನ ಮೊಟ್ಟೆ ಒಡೆಸಬೇಡಿ. ಮರಿ ಹೋಗುತ್ತದೆ, ಕಾಲೂ ಬರಿಗಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಏಳನೇ ದಿನ ರಾತ್ರಿ ಕತ್ತಲೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಲಿ. ರಕ್ತನಾಳಗಳು ಕವಲೊಡೆದದ್ದು, ನಡುವೆ ಅಲುಗಾಡುವ ಕಪ್ಪು ಚುಕ್ಕೆ, ಇಷ್ಟು ಚೆನ್ನಾಗಿ ಕಾಣುತ್ತದೆ. ಬೇಗ ಮುಗಿಸಿ ವಾಪಸ್ ಕಾವಿಗೆ ಇಡಿ, ತಣ್ಣಗಾಗಬಾರದು.

ಬಿಎಸ್ಸಿ ಪ್ರಾಣಿಶಾಸ್ತ್ರ ಇರುವ ಕಾಲೇಜುಗಳಲ್ಲಿ ಕೋಳಿ ಭ್ರೂಣದ 24, 33, 48, 72 ಗಂಟೆಯ ಸ್ಲೈಡುಗಳು ಇರುತ್ತವೆ. 33 ಗಂಟೆಯದರಲ್ಲಿ ಮಿದುಳಿನ ಉಬ್ಬುಗಳು, ಬೆನ್ನುದ್ದಕ್ಕೂ ನರನಾಳ ಸ್ಪಷ್ಟ. ಚಿಕ್ಕಮಗಳೂರಿನ ಹುಡುಗ ತನ್ನ ಲ್ಯಾಬಿನಲ್ಲಿ ಕೇಳಿ, ಮೈಕ್ರೋಸ್ಕೋಪಿನಲ್ಲಿ ಫೋಟೋ ತೆಗೆದು ಇಲ್ಲಿ ಹಾಕಲಿ.

ಗಿರಿಸೀಮೆ, ಚಿಕ್ಕಮಗಳೂರು

ಸರ್, ಸೋಮವಾರ ಪ್ರಾಕ್ಟಿಕಲ್ ಇದೆ. ಮೇಡಂ ಹತ್ತಿರ ಕೇಳಿ ನಾಲ್ಕೂ ಸ್ಲೈಡಿನ ಫೋಟೋ ಹಾಕುತ್ತೇನೆ. 72 ಗಂಟೆಯದರಲ್ಲಿ ಕಾಲಿನ ಮೊಗ್ಗು ಕಾಣುತ್ತೆ, ಬಾಣದ ಗುರುತು ಹಾಕಿ ತೋರಿಸುತ್ತೇನೆ.